ಸರ್ಕಾರ ಬಿದ್ದ ಮರುದಿನ ಕಲ್ಯದಲ್ಲಿ ಹುಳು ಹಣ್ಣಾದವು

ನನ್ನ ನೆನಪಿನಲ್ಲಿ ಆ ಮಂತ್ರಿ ಉಟ್ಟಿದ್ದು ಬಿಳಿ ಪಂಚೆ. ಡ್ರೈವರ್ ಪುಟ್ಟಲಿಂಗ ಹೇಳುವುದು ನೀಲಿ ಚೌಕುಳಿ ಲುಂಗಿ. ಮೊನ್ನೆ ದೊಡ್ಡಮಳೂರಿಗೆ ಫೋನ್ ಮಾಡಿ ಕೇಳಿದಾಗ ಅವನು ಯೋಚಿಸಲೂ ಇಲ್ಲ. "ಲುಂಗಿ ಸಾ. ನಾನೇ ಕಟ್ಟಿದ್ದು. ಆವಯ್ಯಂಗೆ ಗಂಟು ಹಾಕಕ್ಕೆ ಬತ್ತಿರ್ಲಿಲ್ಲ. ನೀವು ಓದ್ಕೊಂಡಿರೋರು, ಇಂಥವೆಲ್ಲ ನಿಮ್ ತಲೇಲಿ ನಿಲ್ಲಾಕಿಲ್ಲ."

ಓದಿಕೊಂಡವನು ಎನ್ನುವುದು ನಿಜ. ವಿಶ್ವವಿದ್ಯಾಲಯದಲ್ಲಿ ರೇಷ್ಮೆ ಕೃಷಿ ಓದಿದೆ, ಪುರಾವೆ ಇಲ್ಲದೆ ಯಾವುದನ್ನೂ ನಂಬಬಾರದು ಎಂದು ಕಲಿತೆ. ಆಮೇಲೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂದು ಇಷ್ಟರಲ್ಲೇ ಸುತ್ತಿ ನಿವೃತ್ತನಾದೆ. ಅನುಮಾನದ ಆ ಅಭ್ಯಾಸ ಈಗ ನನ್ನ ಮೇಲೆಯೇ ತಿರುಗಿಬಿದ್ದಿದೆ. ಒಂದು ಸಂಗತಿ ಬರೆಯಲು ಕೂತರೆ ಅದು ನಡೆದದ್ದೋ, ನಡೆಯಬೇಕಿತ್ತು ಎಂದು ನಾನು ಅಂದುಕೊಂಡದ್ದೋ ತಿಳಿಯುವುದಿಲ್ಲ. ಹಾಗಾಗಿ ಇಲಾಖೆಗೆ ಹೊಸದಾಗಿ ಸೇರುತ್ತಿರುವವರು ಇದನ್ನು ಓದುವಾಗ ಅನುಮಾನ ಬಂದ ಕಡೆಯೆಲ್ಲ ಪುಟ್ಟಲಿಂಗನ ಪಕ್ಷ ವಹಿಸಿದರೆ ನನಗೆ ಬೇಸರವಿಲ್ಲ.

ತರಬೇತಿಯಲ್ಲಿ ನಿಮಗೆ ಹುಳುವಿನ ಬಗ್ಗೆ ಎಲ್ಲ ಹೇಳಿಕೊಡುತ್ತಾರೆ. ಬಾಗಿಲಿನ ಬಗ್ಗೆ ಹೇಳಿಕೊಡುವುದಿಲ್ಲ. ಈಗ ಹುಳುವಿಗೆ ಬೇರೆ ಮನೆ, ರೆಂಬೆ ಸಮೇತ ಸೊಪ್ಪು, ಗೂಡು ಕಟ್ಟಿಸಲು ಪ್ಲಾಸ್ಟಿಕ್ ಚಂದ್ರಂಕಿ, ಮಾರುಕಟ್ಟೆಯಲ್ಲಿ ಮೊಬೈಲಿನಲ್ಲೇ ಹರಾಜು. ನಮ್ಮ ಕಾಲದಲ್ಲಿ ಹುಳು ಸಾಕುತ್ತಿದ್ದುದು ಜನ ಮಲಗುವ ಮನೆಯಲ್ಲೇ. ಪಡಸಾಲೆಯ ಒಂದು ಕಡೆ ಬಿದಿರಿನ ತಟ್ಟೆಗಳ ಅಟ್ಟಣೆ, ಇನ್ನೊಂದು ಕಡೆ ಚಾಪೆ. ಹಾಗಾಗಿ ವಿಸ್ತರಣಾಧಿಕಾರಿಯಾದವನು ಒಳಗೆ ಹೋಗುವುದೋ ಬೇಡವೋ ಎನ್ನುವುದನ್ನು ಮನೆಯ ಹೆಂಗಸು ತೀರ್ಮಾನಿಸುತ್ತಿದ್ದಳು. ನನ್ನ ಸಹೋದ್ಯೋಗಿಯೊಬ್ಬ ಮದುವೆ ಊಟ ಮುಗಿಸಿ ನೇರವಾಗಿ, ಹುಳುವಿಗಾಗದ ಸೆಂಟು ಘಮ್ಮೆನ್ನಿಸಿಕೊಂಡು, ಕನಕಪುರದ ಕಡೆಯ ಒಂದು ಮನೆಗೆ ಹೋದ. ಮುದುಕಿಯೊಬ್ಬಳು ಅವನ ತಲೆಯ ಮೇಲೆ ಒಂದು ಚೆಂಬು ನೀರು ಸುರಿದು, "ಈಗ ಏನ್ ಕೇಳ್ಬೇಕೋ ಕೇಳಪ್ಪ" ಅಂದಳಂತೆ.

ಮೇಲಧಿಕಾರಿಗಳಿಗೆ ಇದು ಅರ್ಥವಾಗುತ್ತಿರಲಿಲ್ಲ. ಹುಳು ಪೊರೆ ಬಿಡುವ ಮೊದಲು ತಲೆ ಎತ್ತಿಕೊಂಡು, ತಿನ್ನದೆ, ಅಲ್ಲಾಡದೆ ಕೂರುತ್ತದೆಯಲ್ಲ, ಅಂಥ ದಿನ ಒಬ್ಬ ಸಾಹೇಬರು ತಪಾಸಣೆಗೆ ಬಂದು ಗಾಬರಿಯಾದರು. "ಏನ್ರೀ ಇದು, ಎಲ್ಲ ಮಲ್ಕೊಂಡಿವೆ! ಎಬ್ಬಿಸ್ರೀ, ಹಿಂದೆ ಕಮಿಷನರ್ ಬರ್ತಿದಾರೆ." ನಾವು ಯಾರೂ ನಗಲಿಲ್ಲ. ನಗದೇ ಇರುವುದೂ ಈ ವೃತ್ತಿಯಲ್ಲಿ ಕಲಿಯಬೇಕಾದ ವಿದ್ಯೆ.

ಅದೇ ಸಾಹೇಬರು ಮುಂದೆ ನಮ್ಮ ಡಿ.ಡಿ. ಆದರು. ಡೆಪ್ಯುಟಿ ಡೈರೆಕ್ಟರ್ ಎನ್ನುವುದನ್ನು ನಾವೆಲ್ಲ ಹಾಗೆ ಕರೆಯುತ್ತಿದ್ದೆವು. ಅವರ ಕಾಲದಲ್ಲೇ ಆ ಪರದೇಶದ ಮಂತ್ರಿ ಬಂದದ್ದು.

ಪೂರ್ವ ಯುರೋಪಿನಲ್ಲಿ ಒಂದರ ಹಿಂದೆ ಒಂದು ದೇಶದಲ್ಲಿ ಕಮ್ಯುನಿಸ್ಟ್ ಆಳ್ವಿಕೆ ಮುಗಿಯುತ್ತಿದ್ದ ಕಾಲ ಅದು. ದೇಶದ ಹೆಸರು ಬೇಡ. ಅಲ್ಲಿಯೂ ರೇಷ್ಮೆ ಇತ್ತು ಎನ್ನುವುದಷ್ಟೇ ಸಾಕು. ಹಳೆಯ ಪಕ್ಷ ಹೋಗಿ ಹೊಸ ಸರ್ಕಾರ ಬಂದಿತ್ತು, ನಮ್ಮಲ್ಲಿಗೆ ಬಂದವರು ಅದರ ಉಪಮಂತ್ರಿ. ಇತ್ತೀಚೆಗೆ ನಾನು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಆ ಸರ್ಕಾರದ ಬಗ್ಗೆ ಇರುವುದು ನಾಲ್ಕಾರು ಸಾಲು, ಉಪಮಂತ್ರಿಗಳ ಸುದ್ದಿಯೇ ಇಲ್ಲ. ಪುಟ್ಟಲಿಂಗ ಇಲ್ಲದಿದ್ದರೆ ಅಂಥವರೊಬ್ಬರು ಬಂದೇ ಇರಲಿಲ್ಲ ಎಂದು ನಾನು ತೀರ್ಮಾನಿಸಿಬಿಡುತ್ತಿದ್ದೆ.

ಅವರ ಜೊತೆ ಬಂದ ದುಭಾಷಿಗೆ ಬೆಂಗಳೂರಿನಲ್ಲೇ ಹೊಟ್ಟೆ ಕೆಟ್ಟಿತು. ವಿಶ್ವವಿದ್ಯಾಲಯದಲ್ಲಿದ್ದಾಗ ನಾನು ಸಂಜೆ ತರಗತಿಯಲ್ಲಿ ರಷ್ಯನ್ ಕಲಿತಿದ್ದೆನೆಂದು ಯಾರೋ ಡಿ.ಡಿ.ಯವರ ಕಿವಿಗೆ ಹಾಕಿದ್ದರು. ನನ್ನನ್ನೇ ಜೊತೆಗೆ ಕಳಿಸಿದರು. ರಾಮನಗರದ ಪ್ರವಾಸಿ ಮಂದಿರದಲ್ಲಿ, ಜೀವನದಲ್ಲಿ ಮೊದಲ ಸಲ ಸಿಕ್ಕ ಅವಕಾಶವೆಂದು, ರಷ್ಯನ್ನಿನಲ್ಲಿ ಶುಭೋದಯ ಹೇಳಿದೆ. ಎತ್ತರದ, ಬೋಳುತಲೆಯ ಆ ಮನುಷ್ಯ ಮುಖ ಹುಳ್ಳಗೆ ಮಾಡಿಕೊಂಡು ಇಂಗ್ಲಿಷಿನಲ್ಲಿ ಹೇಳಿದರು: "ಆ ಭಾಷೆಯನ್ನು ನಮಗೆ ಹೊಡೆದು ಕಲಿಸಿದರು. ಮರೆಯಲು ಈಗ ತಾನೇ ರಜೆ ಸಿಕ್ಕಿದೆ. ದಯವಿಟ್ಟು ನೆನಪಿಸಬೇಡಿ." ನನ್ನ ರಷ್ಯನ್ ಎರಡೇ ಪದಕ್ಕೆ ಮುಗಿಯಿತು. ಇಬ್ಬರದೂ ಅಷ್ಟಕ್ಕಷ್ಟೇ ಆದ ಇಂಗ್ಲಿಷಿನಲ್ಲಿ ಮುಂದುವರಿದೆವು.

ಅವರು ಮೂಲತಃ ರೇಷ್ಮೆ ಗಿರಣಿಯ ಇಂಜಿನಿಯರು. ಹಳೆಯ ಪಕ್ಷದಲ್ಲಿ ಇರದಿದ್ದ, ಕೆಲಸ ಗೊತ್ತಿದ್ದ ಜನ ಕಡಿಮೆಯಾದ್ದರಿಂದ ಮಂತ್ರಿ ಮಾಡಿದರಂತೆ. ಅವರಲ್ಲಿ ಸರ್ಕಾರವೇ ಮೊಟ್ಟೆ ಕೊಡುತ್ತಿತ್ತು, ಸರ್ಕಾರವೇ ಗೂಡು ಒಯ್ಯುತ್ತಿತ್ತು, ದರವನ್ನೂ ಸರ್ಕಾರವೇ ಹೇಳುತ್ತಿತ್ತು. ಈಗ ಮೊಟ್ಟೆ ಕೊಡುವವರೂ ಇಲ್ಲ, ಗೂಡು ಒಯ್ಯುವವರೂ ಇಲ್ಲ. ರೈತರು ತಾವೇ ಮಾರುವುದು ಹೇಗೆ ಎಂದು ನೋಡಿಕೊಂಡು ಹೋಗಲು ಬಂದಿದ್ದರು.

ಮೊದಲು ಗೂಡಿನ ಮಾರುಕಟ್ಟೆಗೆ ಕರೆದುಕೊಂಡು ಹೋದೆವು. ಆಗಿನ ಹರಾಜು ಬಾಯಿಮಾತಿನದು. ಕಿವಿ ಕಿತ್ತುಹೋಗುವ ಗಲಾಟೆ.

"ಇಲ್ಲಿ ದರ ನಿಗದಿ ಮಾಡುವುದು ಯಾರು?" ಎಂದು ಮಂತ್ರಿ ಕೇಳಿದರು.

"ಇಲಾಖೆ," ಅಂದರು ಡಿ.ಡಿ., ಎದೆ ಸೆಟೆಸಿ.

ನೂಲು ತೆಗೆಯುವ ರೀಲರ್ ಒಬ್ಬ ಪಕ್ಕದಲ್ಲೇ ಗೂಡು ಹಿಚುಕಿ ನೋಡುತ್ತಿದ್ದ. ನಾನು ಪ್ರಶ್ನೆಯನ್ನು ಅವನಿಗೂ ಕನ್ನಡದಲ್ಲಿ ಹೇಳಿದೆ. "ಯಾರೂ ಇಲ್ಲ ಸಾರ್. ನಾನ್ ಕೂಗ್ತೀನಿ, ಅವ್ನ್ ಕೂಗ್ತಾನೆ, ಈ ಗೌಡ್ರು ಒಪ್ಪಿದ್ರೆ ಆಯ್ತು."

"ಒಪ್ಪದಿದ್ದರೆ?"

ಗೂಡಿನ ಯಜಮಾನ ಬುಟ್ಟಿಯ ಮೇಲೆ ಕೈ ಇಟ್ಟ. "ಒಪ್ದಿದ್ರೆ ಕೊಡಾಕಿಲ್ಲ. ತಿರುಗಾ ಕೂಗ್ಲಿ."

ಮಂತ್ರಿಗೆ ಅದೊಂದು ಮಾತು ನಂಬಲಾಗಲಿಲ್ಲ. ಕಾರಿನಲ್ಲಿ ಮಾಗಡಿಯವರೆಗೂ ಕೇಳುತ್ತಲೇ ಬಂದರು. "ಆತ ಬೇಡ ಅನ್ನಬಹುದೆ? ಯಾರನ್ನೂ ಕೇಳದೆ?"

ಮಧ್ಯಾಹ್ನ ಮಾಗಡಿ ಹತ್ತಿರದ ಊರು ಕಲ್ಯ. ಹುಳು ಚೆನ್ನಾಗಿ ಬಂದಿರುವ ಮನೆಯೆಂದು ನಾನೇ ಆರಿಸಿದ್ದು. ಯಜಮಾನ ಚಿಕ್ಕಣ್ಣ ಮೆತ್ತಗಿನ ಆಳು. ಹೆಂಡತಿ ಜಯಮ್ಮ ಹಾಗಲ್ಲ. ಚಿಕ್ಕಣ್ಣನ ಅಣ್ಣ ಹೊಂಬಯ್ಯ ಊರಿನ ಗಟ್ಟಿ ಕುಳ. ಆತನ ಮನೆಯಿಂದ ಇವರಿಬ್ಬರು ಪಾಲು ತೆಗೆದುಕೊಂಡು ಬೇರೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಎರಡಂಕಣದ ಮನೆ. ತಾವೇ ಸಾಕಿದ ಮೊದಲ ಹುಳು. "ಒಂದು ಬೆಳೆ ತೆಗೀಲಿ ನೋಡಾನ, ವಾರೊಪ್ಪತ್ನಲ್ಲಿ ಇಲ್ಲಿಗೇ ಬತ್ತಾರೆ" ಎಂದು ಹೊಂಬಯ್ಯ ಅರಳಿಕಟ್ಟೆಯಲ್ಲಿ ಕೂತು ಹೇಳಿದ್ದ. ಜಯಮ್ಮನೇ ಅದನ್ನು ನನಗೆ ಹೇಳಿದ್ದಳು. "ಈ ಬೆಳೆ ಕೈಗತ್ತಿದ್ರೆ ನಮ್ ಒಲೆ ನಮ್ದು ಸಾ. ಇಲ್ದಿದ್ರೆ ತಿರುಗಾ ಅವ್ರ ಪಡಸಾಲೆ ಮೂಲೆ."

ಕಾರು ನಿಂತಿತು. ಮಂತ್ರಿ ಸಿಗರೇಟು ಎಸೆದು ಕಾಲಿನಿಂದ ಉಜ್ಜಿ ಬಾಗಿಲಿಗೆ ಬಂದರು. ದಾರಿಯುದ್ದಕ್ಕೂ ಒಂದು ಆರುವ ಮುಂಚೆ ಇನ್ನೊಂದು ಹಚ್ಚುತ್ತಿದ್ದವರು. ಜಯಮ್ಮ ಮೂಗು ಅರಳಿಸಿ, ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು.

"ಬ್ಯಾಡ ಸಾ. ಹೊಗೆಸೊಪ್ಪಿನ ಘಾಟು. ಹುಳ ಹಸ್ರು ಕಕ್ಕೊಂಡು ಸಾಯ್ತವೆ."

"ಏಯ್, ಮಂತ್ರಿ ಕಣಮ್ಮ ಅವರು!" ಅಂದರು ಡಿ.ಡಿ.

"ಅದು ನಂಗೊತ್ತಾಯ್ತು ಸಾ. ನಮ್ ಹುಳಕ್ಕೆ ಯಾರ್ ಹೇಳ್ತಾರೆ?"

ಡಿ.ಡಿ. ನನ್ನ ಕಡೆ ತಿರುಗಿ, ಇದನ್ನು ಅನುವಾದ ಮಾಡಬೇಡಿ ಎಂದು ಕಣ್ಣು ಬಿಟ್ಟರು. ಮಾಡುವ ಅಗತ್ಯವೇ ಇರಲಿಲ್ಲ. ಮಂತ್ರಿ ತಮ್ಮ ಬೆರಳನ್ನು ತಾವೇ ಮೂಸಿ ನೋಡಿಕೊಂಡು, ಹಿಂದೆ ಸರಿದು, ಕಿಟಕಿಯ ಸರಳಿನಿಂದಾಚೆ ನಿಂತು ಒಳಗೆ ನೋಡಿದರು. ಸೊಪ್ಪು ತಿನ್ನುವ ಸದ್ದು ಹೊರಗೂ ಕೇಳುತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡು ಅದನ್ನೇ ಕೇಳುತ್ತ ನಿಂತರು ಎಂದು ನನ್ನ ನೆನಪು. ಬಿಸಿಲಿಗೆ ಕಣ್ಣು ಮುಚ್ಚಿದರು ಎಂದು ಪುಟ್ಟಲಿಂಗನದು.

ಮರುದಿನ ಚನ್ನಪಟ್ಟಣ ತೋರಿಸಿದೆವು. ಸಂಜೆ ಪ್ರವಾಸಿ ಮಂದಿರದಲ್ಲಿ ಊಟ, ಭಾಷಣ. ಮಂತ್ರಿ ತಮ್ಮ ಸರ್ಕಾರದ ಪರವಾಗಿ ದೀರ್ಘಕಾಲದ ಸಹಕಾರದ ಭರವಸೆ ಕೊಟ್ಟರು. ಡಿ.ಡಿ. ಕೂಡ ಕೊಟ್ಟರು. ಯಾವ ವಿಷಯದಲ್ಲಿ ಎಂದು ಇಬ್ಬರೂ ಹೇಳಲಿಲ್ಲ.

ಬೆಳಿಗ್ಗೆ ಬೆಂಗಳೂರಿನಿಂದ ಫೋನ್ ಬಂತು. ಡಿ.ಡಿ. ರಿಸೀವರ್ ಇಟ್ಟು ನನ್ನನ್ನು ವರಾಂಡಕ್ಕೆ ಕರೆದರು.

"ಅವರ ಸರ್ಕಾರ ನಿನ್ನೆ ಬಿದ್ದೋಯ್ತಂತೆ ಕಣ್ರೀ."

"ಇಷ್ಟು ಬೇಗ?"

"ನನ್ನೇನ್ರೀ ಕೇಳ್ತೀರಿ, ನಾನು ಬೀಳಿಸಿದ್ನಾ? ಈಗ ಇವರನ್ನ ಏನಂತ ಕರೀಬೇಕು?"

"ಹೆಸರು ಹಿಡಿದು ಕರೆಯಬಹುದು."

"ಹೆಸರು ಯಾರಿಗ್ರೀ ಗೊತ್ತು? ಮಿನಿಸ್ಟರ್ ಮಿನಿಸ್ಟರ್ ಅಂತಲೇ ಎರಡು ದಿನ ಕಳೆದಿದೀನಿ." ಸ್ವಲ್ಪ ಹೊತ್ತು ಶತಪಥ ಹಾಕಿದರು. "ನನಗೆ ಕನಕಪುರದಲ್ಲಿ ಮೀಟಿಂಗ್ ಇದೆ. ನೀವೇ ತಿಳಿಸಿ. ನಿಮಗೆ ರಷ್ಯನ್ ಬರುತ್ತಲ್ಲ."

ಡಿ.ಡಿ.ಯವರ ಜೀಪು ಕನಕಪುರದ ರಸ್ತೆ ಹಿಡಿಯಿತು. ಕಾರನ್ನು ಬಿಟ್ಟುಹೋದದ್ದು ಅವರ ದೊಡ್ಡತನ. ಅಥವಾ ಮರೆತಿದ್ದರು.

ಮಂತ್ರಿ ಇಡ್ಲಿ ತಿನ್ನುತ್ತಿದ್ದರು. ಹೇಳಿದೆ. ಬಾಯಲ್ಲಿದ್ದುದನ್ನು ನುಂಗಿ, "ಯಾವಾಗ?" ಅಂದರು.

"ನಿನ್ನೆ ಹಗಲು ಮತ ಹಾಕಿದರಂತೆ."

"ಹಾಗಾದರೆ ನಿನ್ನೆ ಸಂಜೆಯ ಭಾಷಣ ನನ್ನ ಖಾಸಗಿ ಅಭಿಪ್ರಾಯ." ತಟ್ಟೆಯಲ್ಲಿ ಉಳಿದಿದ್ದ ಇಡ್ಲಿಯನ್ನು ಮುಗಿಸಿದರು. ನಾನು ನೀರು ಬೇಕೇ ಎಂದು ಕೇಳಿದೆ, ಬೇಡ ಅಂದರು. ವಿಮಾನಕ್ಕೆ ಇನ್ನೂ ಸಮಯವಿತ್ತು. "ಆ ಹೆಂಗಸಿನ ಮನೆಗೆ ಹೋಗೋಣ," ಅಂದರು. "ನಾನೀಗ ಬಿಡುವಾಗಿದ್ದೇನೆ."

ಕಾರಿನಲ್ಲಿ ಅವರು ಹೇಳಿದ್ದನ್ನು ಯಾವ ಪುಸ್ತಕದಲ್ಲೂ ನಾನು ಓದಿಲ್ಲ. ಅವರ ಕೋಣೆಯಲ್ಲಿ ಸಾಲಾಗಿ ಟೆಲಿಫೋನುಗಳಿದ್ದವು. ಯಾವುದನ್ನು ಎತ್ತಿದರೆ ಯಾರು ಮಾತಾಡುತ್ತಾರೆ ಎಂದು ಹಳೆಯ ಕಾರ್ಯದರ್ಶಿಗೆ ಮಾತ್ರ ಗೊತ್ತು, ಆತ ಹೇಳುತ್ತಿರಲಿಲ್ಲ. ಒಂದು ಸಲ ಅಡುಗೆಮನೆ ಎಂದುಕೊಂಡು ರಕ್ಷಣಾ ಸಚಿವಾಲಯಕ್ಕೆ ಚಹಾ ಕೇಳಿದ್ದರಂತೆ. ಬಂತಂತೆ ಕೂಡ. ಒಬ್ಬರನ್ನು ಕಂಡರೆ ಒಬ್ಬರಿಗಾಗದ ಪಕ್ಷಗಳೆಲ್ಲ ಸೇರಿ ಕಟ್ಟಿದ ಸರ್ಕಾರ. ಬ್ರೆಡ್ಡಿನ ಬೆಲೆಯ ಮೇಲಿನ ಹಿಡಿತ ಬಿಟ್ಟುಕೊಡಲೇಬೇಕಿತ್ತು. ಹಳಬರು ಅದನ್ನು ತಾವು ಮಾಡಲಿಲ್ಲ, ಮುಂದೆ ಬರುವವರಿಗೂ ಅದು ತಮ್ಮ ಕೈಯಿಂದ ಆಗುವುದು ಬೇಡವಾಗಿತ್ತು.

"ಬೆಲೆ ಬಿಡುವುದು, ಬೈಸಿಕೊಳ್ಳುವುದು, ಹೋಗುವುದು. ನಮ್ಮನ್ನು ಕೂರಿಸಿದ್ದೇ ಅದಕ್ಕೆ," ಅಂದರು. "ಕೆಲಸ ಪೂರ್ತಿ ಮುಗಿಸಿದ ಸರ್ಕಾರ ಇನ್ನೊಂದು ಇರಲಾರದು."

ಪುಟ್ಟಲಿಂಗ ಏನಂತೆ ಎಂದು ಕೇಳಿದ. ಹೇಳಿದೆ. "ನಮ್ ಪಂಚಾಯ್ತಿ ಚೇರ್ಮನ್ನನ್ನೂ ಹಂಗೇ ಮಾಡಿದ್ರು ಸಾ," ಅಂದ. ಅದನ್ನು ಮಂತ್ರಿಗೆ ತಿಳಿಸಿದಾಗ ಅವರು ಆ ಬೆಳಿಗ್ಗೆ ಮೊದಲ ಸಲ ನಕ್ಕರು.

ಕಲ್ಯದಲ್ಲಿ ನಾವು ಇಳಿದಾಗ ಚಿಕ್ಕಣ್ಣ ಬೀದಿಯಲ್ಲಿ ದಿಕ್ಕು ತೋಚದೆ ಓಡಾಡುತ್ತಿದ್ದ. ಹುಳುವೆಲ್ಲ ಒಟ್ಟಿಗೆ ಹಣ್ಣಾಗಿದ್ದವು. ಹಣ್ಣಾದ ಹುಳು ಮೈ ಗಾಜಿನ ಹಾಗೆ ಮಾಡಿಕೊಂಡು, ಸೊಪ್ಪು ಬಿಟ್ಟು, ತಲೆ ಎತ್ತಿ ಜಾಗ ಹುಡುಕುತ್ತದೆ. ಹೊತ್ತು ಮುಳುಗುವುದರೊಳಗೆ ಒಂದೊಂದನ್ನೂ ಕೈಯಿಂದ ಆಯ್ದು ಚಂದ್ರಂಕಿಗೆ ಬಿಡಬೇಕು. ಆಗಿನ ಚಂದ್ರಂಕಿ ಎಂದರೆ ಬಿದಿರಿನ ದಬ್ಬೆಯನ್ನು ಸುತ್ತು ಸುತ್ತಾಗಿ ಹೆಣೆದ ಅಗಲದ ತಟ್ಟಿ. ತಡವಾದರೆ ಹುಳು ತಟ್ಟೆಯ ಕಸದಲ್ಲೇ ನೂಲು ಬಿಟ್ಟು ಮುಗಿಸುತ್ತದೆ, ಬೆಳೆ ಮಣ್ಣುಪಾಲು. ಅದಕ್ಕೇ ಊರಿನಲ್ಲಿ ಮುಯ್ಯಾಳಿನ ಪದ್ಧತಿ. ನಿಮ್ಮ ಹುಳು ಹಣ್ಣಾದರೆ ನಾವು, ನಮ್ಮವು ಹಣ್ಣಾದರೆ ನೀವು. ಆದರೆ ಬೇರೆಯಾದ ಮೇಲೆ ಚಿಕ್ಕಣ್ಣ ಇನ್ನೂ ಯಾರ ಮನೆಗೂ ಆಳಾಗಿ ಹೋಗಿರಲಿಲ್ಲ, ಯಾರಿಗೂ ಇವನ ಮುಯ್ಯಿ ಇರಲಿಲ್ಲ. ಅಣ್ಣನ ಮನೆಯವರು ಬರಬೇಕಿತ್ತು. ಅವರು ಬಾಗಿಲು ಮುಂದಕ್ಕೆ ಹಾಕಿಕೊಂಡಿದ್ದರು.

ಜಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಬ್ಬಳೇ ಆಯುತ್ತಿದ್ದಳು. ತಲೆ ಎತ್ತದೆ, "ಇವತ್ತೂ ಕರ್ಕೊಂಡು ಬಂದ್ರಾ ಆವಯ್ಯನ್ನ?" ಅಂದಳು.

"ಅವರು ಈಗ ಮಂತ್ರಿ ಅಲ್ಲಮ್ಮ. ಅವರ ಸರ್ಕಾರ ಹೋಯ್ತು."

ಈಗ ತಲೆ ಎತ್ತಿದಳು. "ಅಯ್ಯೋ. ಯಾವಾಗ?"

"ನಿನ್ನೆ."

ಜಯಮ್ಮ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಹುಳ ಆಯಕ್ಕೆ ಬತ್ತದಾ ಕೇಳಿ."

ಕೇಳಿದೆ. ಅಜ್ಜಿಯ ಮನೆಯಲ್ಲಿ ಮಂಚದ ಕೆಳಗೆ ಹುಳು ಇರುತ್ತಿದ್ದವು, ಚಿಕ್ಕಂದಿನಲ್ಲಿ ಆಯುತ್ತಿದ್ದೆ ಅಂದರು.

"ಹಂಗಾದ್ರೆ ಹಂಡೇಲಿ ನೀರು ಕಾದೈತೆ. ಬಟ್ಟೆ ಪೂರಾ ಬಿಚ್ಚಾಕಿ, ಸೀಗೆಪುಡಿ ಹಾಕ್ಕೊಂಡು ತಲೆ ಸಮೇತ ಮೀಯ್ಲಿ."

ಅವರು ಬಚ್ಚಲಿಗೆ ಹೋದರು. ಚಿಕ್ಕಣ್ಣನ ಪಂಚೆ ಉಟ್ಟು ಬಂದರು, ಅಥವಾ ಲುಂಗಿ. ಜಯಮ್ಮ ಕೈ ಮೂಸಿ ನೋಡಿ ವಾಪಸು ಕಳಿಸಿದಳು. ಹುಣಸೆಹಣ್ಣು ಹಾಕಿ ಉಜ್ಜಿಕೊಂಡು ಮತ್ತೆ ಬಂದರು. ಮತ್ತೆ ಮೂಸಿ, "ಊಂ, ಬಾ" ಅಂದಳು. ಮಂತ್ರಿಯಾಗಿದ್ದಾಗ ಬಹುವಚನ ಇತ್ತೋ ಇಲ್ಲವೋ, ಆ "ಬಾ" ಮಾತ್ರ ಏಕವಚನ. ಪುಟ್ಟಲಿಂಗನ ಸರದಿ ಬಂತು. ಅವನ ಎಲೆಅಡಿಕೆಯಲ್ಲಿ ಹೊಗೆಸೊಪ್ಪು. "ನೀನು ಮಿಂದ್ರೂ ಹೋಗಾಕಿಲ್ಲ, ಅಲ್ಲೇ ಕುಂತ್ಕೋ," ಅಂತ ಜಗುಲಿ ತೋರಿಸಿದಳು.

ಮಂತ್ರಿಯ ಕೈ ಓಡುವುದನ್ನು ನೋಡಬೇಕಿತ್ತು. ನಾನು, ಚಿಕ್ಕಣ್ಣ, ಜಯಮ್ಮ, ಅವರು. ಆದರೂ ನಾಲ್ಕು ಜನಕ್ಕೆ ಮುಗಿಯುವ ಕೆಲಸವಲ್ಲ. ಬಿಸಿಲು ಪಡುವಣಕ್ಕೆ ವಾಲುತ್ತಿತ್ತು. ಅಟ್ಟಣೆಯ ಮೇಲಿನ ತಟ್ಟೆಗಳನ್ನು ಇನ್ನೂ ಮುಟ್ಟಿರಲಿಲ್ಲ. ಚಿಕ್ಕಣ್ಣ ಮೆಲ್ಲಗೆ, "ಅಣ್ಣನ್ ಹತ್ರ ಹೋಗಿ ಕೇಳ್ಲಾ?" ಅಂದ. ಜಯಮ್ಮ ಮುಂದಿನ ತಟ್ಟೆ ಎಳೆದುಕೊಂಡಳು.

ಆಗ ಕಿಟಕಿ ಕತ್ತಲಾಯಿತು. ಕೆಂಪು ಮೈಯ ದೊರೆಯೊಬ್ಬ ಚಿಕ್ಕಣ್ಣನ ಬಟ್ಟೆ ಉಟ್ಟು ಹುಳು ಆಯುತ್ತಿದ್ದಾನೆಂದು ಬೀದಿಗೆಲ್ಲ ಗೊತ್ತಾಗಿತ್ತು. ಸರಳಿನ ಸಂದಿಯಲ್ಲಿ ಮುಖದ ಮೇಲೆ ಮುಖ.

"ಲೇ, ಕಾಲು ನೋಡ್ಲಾ, ಒಳ್ಳೆ ಮೂಲಂಗಿ ಹಂಗವೆ!"

"ಮಂತ್ರಿ ಅಂತೆ ಕಣ್ಲಾ."

"ಮಂತ್ರಿ ಯಾಕ್ಲಾ ಹುಳ ಆಯ್ತಾನೆ?"

"ಕೆಲ್ಸ ಹೋಯ್ತಂತೆ."

ಜಯಮ್ಮ ಎದ್ದು ಕಿಟಕಿಯ ಬಾಗಿಲು ದಢಾರನೆ ಮುಚ್ಚಿದಳು. ಹೊರಗೆ ಹೋ ಎಂದರು. ಅವಳು ಒಂದು ಕ್ಷಣ ಹಾಗೇ ನಿಂತಿದ್ದು, ಜಗುಲಿಗೆ ಕೇಳುವಂತೆ ಕೂಗಿದಳು.

"ಡ್ರೈವರಣ್ಣ, ನೋಡ್ಬೇಕು ಅನ್ನೋರು ಕೈ ತೊಳ್ಕೊಂಡು ಒಳಕ್ಕೆ ಬರ್ಲಿ. ಒಂದು ತಟ್ಟೆ ಆಯ್ದು ಹೋಗ್ಲಿ. ಬೀಡಿ ಸೇದೋರು ಮಿಂದ್ಕೊಂಡು ಬರ್ಲಿ."

ಪುಟ್ಟಲಿಂಗ ಅದಕ್ಕೇ ಹುಟ್ಟಿದವನು. "ಬನ್ನಿ ಬನ್ನಿ, ಕೈ ಚಾಚಿ, ಮೂಸ್ತೀನಿ!" ಎಂದು ಜಗುಲಿಯ ಮೇಲೆ ಕೂತೇ ಆಳು ಬಿಡತೊಡಗಿದ. ಹೊಗೆಸೊಪ್ಪು ಜಗಿಯುತ್ತ ಬೇರೆಯವರ ಕೈಯಲ್ಲಿ ಅವನು ಏನು ಮೂಸಿದನೋ ದೇವರಿಗೇ ಗೊತ್ತು. ಪಕ್ಕದ ಮನೆಯವರು ಬಂದರು, ಎದುರು ಮನೆಯವರು ಬಂದರು. ಅವರ ಹಿಂದೆ ಹೊಂಬಯ್ಯನ ಹೆಂಡತಿಯೂ ಸೊಸೆಯೂ ಬಂದರು, ಯಾರ ಮುಖವನ್ನೂ ನೋಡದೆ ತಟ್ಟೆಯ ಮುಂದೆ ಕೂತರು. ಮಂತ್ರಿಯನ್ನು ನೋಡಲು ಬಂದವರಿಗೆ ಹತ್ತು ಹುಳು ಆಯುವುದರೊಳಗೆ ಮಂತ್ರಿ ಹಳಬರಾಗಿಬಿಟ್ಟರು. ಕೈ ಮಾತ್ರ ನಿಲ್ಲಲಿಲ್ಲ. ಹಣ್ಣಾದ ಹುಳು ಎದುರಿಗಿದ್ದರೆ ಆ ಊರಿನವರ ಕೈ ಸುಮ್ಮನಿರುವುದಿಲ್ಲ.

ಕೊನೆಯಲ್ಲಿ ಹೊಂಬಯ್ಯ. ಬೀದಿಯಲ್ಲಿ ಬಹಳ ಹೊತ್ತು ನಿಂತಿದ್ದು, ಮನೆಗೆ ಹೋಗಿ, ಒದ್ದೆ ತಲೆಯಲ್ಲಿ ತಿರುಗಿ ಬಂದ. ಈ ಒದ್ದೆ ತಲೆಯ ವಿಷಯದಲ್ಲಿ ನನ್ನದೂ ಪುಟ್ಟಲಿಂಗನದೂ ಒಂದೇ ನೆನಪು. ಅದಕ್ಕೇ ನನಗೆ ಅನುಮಾನ ಇನ್ನೂ ಜಾಸ್ತಿ. ಮಂತ್ರಿಯ ಪಕ್ಕದಲ್ಲಿ ಜಾಗ ಇತ್ತು, ಕೂತ.

ಹೊತ್ತು ಮುಳುಗುವ ಮೊದಲೇ ಚಂದ್ರಂಕಿಗಳೆಲ್ಲ ತುಂಬಿ ಗೋಡೆಗೆ ಒರಗಿದ್ದವು. ಮಂತ್ರಿ ಕೋಟು ತೊಟ್ಟು ಕಾರು ಹತ್ತಿದರು. ಮರುದಿನ ಅವರ ವಿಮಾನ. ಆಮೇಲೆ ಅವರ ಸುದ್ದಿ ನನಗೆ ಗೊತ್ತಿಲ್ಲ.

ಗೂಡು ಬಿಡಿಸುವ ದಿನ ನಾನು ಕಲ್ಯಕ್ಕೆ ಹೋದೆ. ಅದು ನನ್ನ ಕೆಲಸ. ಜಯಮ್ಮ ಜಗುಲಿಯ ಮೇಲೆ ಕೂತು ಬಿಡಿಸುತ್ತಿದ್ದಳು. ಗೂಡು ಗಟ್ಟಿಯಾಗಿ, ಒಂದೇ ಸಮನಾಗಿ ಬಂದಿದ್ದವು. ಗೋಡೆಯ ಬದಿಯ ಎರಡು ಚಂದ್ರಂಕಿಗಳನ್ನು ಮಾತ್ರ ಬೇರೆ ಇಟ್ಟಿದ್ದಳು. ಅವುಗಳಲ್ಲಿ ಹುಳುಗಳನ್ನು ಒತ್ತೊತ್ತಾಗಿ ಬಿಟ್ಟಿದ್ದರಿಂದ ಎರಡೆರಡು ಸೇರಿ ಒಂದೊಂದು ಗೂಡು ಕಟ್ಟಿದ್ದವು. ಅಂಥವುಗಳಿಂದ ನೂಲು ಸರಿಯಾಗಿ ಎಳೆಯಲು ಬರುವುದಿಲ್ಲ.

"ನಿಮ್ ಮಂತ್ರಿದು ಸಾ," ಅಂದಳು. "ಬಿರ್‌ಬಿರ್ನೆ ಸುರಿದ್ಬುಟ್ಟವ್ನೆ. ಹಿಂಗೆ ಒಂದ್ರ ಮ್ಯಾಲೊಂದು ತುಂಬುದ್ರೆ ಯಾವ್ ಸರ್ಕಾರ ನಿಂತೀತು?"

ಹೊಂಬಯ್ಯ ಬಂದದ್ದು ಆಗ. ಜಗುಲಿ ಹತ್ತಲಿಲ್ಲ. ಕೆಳಗೇ ನಿಂತು, "ಚಿಕ್ಕ ಇಲ್ವಾ?" ಅಂದ.

"ತ್ವಾಟಕ್ಕೆ ಹೋಗವ್ರೆ ಭಾವ."

ಬಗ್ಗಿ ರಾಶಿಯಿಂದ ಒಂದು ಗೂಡು ಎತ್ತಿಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿ, ಹಿಚುಕಿ ನೋಡಿದ. ಮತ್ತೆ ಅದೇ ರಾಶಿಗೆ ಹಾಕಿದ.

"ನಮ್ಮ ಹುಳ ನಾಳಿದ್ದು ಹಣ್ಣಾಗ್ತವೆ. ಆಳು ಸಾಲಾಕಿಲ್ಲ."

ಜಯಮ್ಮ ಕೈಯಲ್ಲಿದ್ದ ಚಂದ್ರಂಕಿಯನ್ನು ಪೂರ್ತಿ ಬಿಡಿಸಿ ಪಕ್ಕಕ್ಕಿಟ್ಟಳು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ನಮ್ಮನೆಯಿಂದ ಇಬ್ರು ಬತ್ತೀವಿ ಭಾವ."

ಹೊಂಬಯ್ಯ ಆ ಎರಡಂಕಣದ ಮನೆಯ ಬಾಗಿಲನ್ನು ನೋಡಿದ. ಮುಂಡಾಸು ಬಿಚ್ಚಿ ಮತ್ತೆ ಸುತ್ತಿಕೊಂಡ.

"ಸರಿ," ಅಂದ. "ನಿಮ್ಮನೆಯಿಂದ ಇಬ್ರು."